ಕುಟುಂಬದ ಮೀನು ಶಿಬಿರಕ್ಕೆ ಮಾರ್ಕೋನಹಳ್ಳಿಯೋ, ಸ್ವಂತ ಹೊಂಡವೋ?

ಕುಣಿಗಲ್ ಸೀಮೆಯಲ್ಲಿ ಗಾಳ ಹಾಕುವ ಹವ್ಯಾಸಿಗಳಿಗಾಗಿ ಮನೆಮಂದಿಯೇ ಸೇರಿ ಶಿಬಿರ ನಡೆಸಬೇಕೆಂದಿರುವವರು ಮೊದಲು ನೀರನ್ನು ಆರಿಸಿಕೊಳ್ಳಬೇಕು. ಶಿಂಷಾ ನದಿಗೆ ಕಟ್ಟಿರುವ, ತುಂಬಿದಾಗ ತಾನಾಗಿಯೇ ನೀರು ಹೊರಬಿಡುವ ಸೈಫನ್‌ಗಳುಳ್ಳ ಮಾರ್ಕೋನಹಳ್ಳಿ ಜಲಾಶಯದಲ್ಲಿ ವಿಸ್ತಾರವೂ ಏಕಾಂತವೂ ಇವೆ; ಆದರೆ ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಗುತ್ತಿಗೆ ಅಥವಾ ಪರವಾನಗಿಗೆ ಒಳಪಟ್ಟಿರುವುದರಿಂದ ಅನುಮತಿಯಿಲ್ಲದೆ ಅತಿಥಿಗಳ ಕೈಗೆ ಗಾಳ ಕೊಡುವಂತಿಲ್ಲ, ಮೇಲಾಗಿ ಸೈಫನ್ ಹರಿಯತೊಡಗಿದರೆ ಕೆಳಗಿನ ಹೊಳೆಪಾತ್ರ ಏಕಾಏಕಿ ಅಪಾಯಕಾರಿಯಾಗುತ್ತದೆ. ಮಕ್ಕಳನ್ನು ಕರೆತರುವವರು ಇದನ್ನು ಎಂದಿಗೂ ಮರೆಯಬಾರದು.

ಸ್ವಂತ ಜಮೀನಿನ ಹೊಂಡದಲ್ಲಿ ಈ ತೊಡಕುಗಳಿಲ್ಲ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಒಟ್ಟಿಗೆ ಸಾಕಬಹುದು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದರೆ ಮಾತ್ರ ಶಿಬಿರವೇ ನಿಲ್ಲುತ್ತದೆ. ಹಾಗಿದ್ದರೂ ಚಿಕ್ಕ ಮಕ್ಕಳಿರುವ ಮನೆಯವರಿಗೆ, ಸುತ್ತ ಬೇಲಿ ಹಾಕಿಸಿದ ಹೊಂಡವನ್ನೇ ನಾನು ಸೂಚಿಸುತ್ತೇನೆ.