ಅಂಗಡಿ ಪೂಜೆಯ ಉಡುಗೊರೆಗಳು: ಮೂವತ್ತು ವರ್ಷ ಬಳಸಿದ ಮೇಲೆ

ಸಾಗರ ತಾಲ್ಲೂಕಿನ ನಮ್ಮೂರ ಕಿರಾಣಿ ಅಂಗಡಿಯಲ್ಲಿ ನಮ್ಮ ಮನೆಯ ಉದ್ರಿ ಖಾತೆ ಅಜ್ಜನ ಕಾಲದಿಂದಲೂ ಇತ್ತು. ಮಂಡಿಯಿಂದ ಅಡಿಕೆಯ ಹಣ ಬಂದಾಗ ಬಾಕಿ ತೀರಿಸುವುದು, ದೀಪಾವಳಿಯ ಅಂಗಡಿ ಪೂಜೆಗೆ ಹೋಗಿ ಪ್ರಸಾದದ ಪೊಟ್ಟಣದ ಜೊತೆಗೆ ಅಂಗಡಿಯ ಹೆಸರು ಅಚ್ಚಾದ ಏನಾದರೊಂದು ವಸ್ತುವನ್ನು ಪಡೆದು ಬರುವುದು ವಾಡಿಕೆಯಾಗಿತ್ತು. ಹಾಗೆ 1990ರ ದಶಕದಿಂದೀಚೆಗೆ ಮನೆಗೆ ಬಂದವುಗಳಲ್ಲಿ ಬಾಳಿದ್ದೆಷ್ಟು, ಅಟ್ಟ ಸೇರಿದ್ದೆಷ್ಟು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಸ್ಥಾನ ಖಾಕಿ ಬಟ್ಟೆಯ ಕೈಚೀಲಕ್ಕೆ. ದಪ್ಪ ಹತ್ತಿಯ ಬಟ್ಟೆ, ಅಡಿಯಲ್ಲಿ ಎರಡು ಸಾಲು ಹೊಲಿಗೆ. ಹಿಡಿಕೆಯನ್ನು ಬಾಯಂಚಿಗಷ್ಟೇ ಹಚ್ಚಿ ಬಿಡದೆ ಅರ್ಧ ಚೀಲದವರೆಗೆ ಇಳಿಸಿ ಹೊಲಿದಿರುವುದರಿಂದ, ಹತ್ತು ಕಿಲೋ ಅಕ್ಕಿಯ ಮೇಲೆ ಎರಡು ತೆಂಗಿನಕಾಯಿ ಹೇರಿ ಬಸ್ಸಿನಿಂದ ಇಳಿದರೂ ಅದು ಜಗ್ಗಿದ್ದಿಲ್ಲ. ಮೊದಲ ಒಗೆತದಲ್ಲಿ ಬಣ್ಣ ಬಿಟ್ಟು ಅಪ್ಪನ ಬಿಳಿ ಪಂಚೆಯನ್ನು ಕೆಡಿಸಿದ್ದೊಂದೇ ನಾನು ಕಂಡ ದೋಷ. ನಮ್ಮಲ್ಲಿ ಅಂಥ ಮೂರು ಚೀಲಗಳಿವೆ. ಒಂದರ ಮೇಲೆ ಮೂರಂಕಿಯ ದೂರವಾಣಿ ಸಂಖ್ಯೆ, ಇನ್ನೊಂದರ ಮೇಲೆ ಸಾಗರದ 08183 ಎಂಬ ಎಸ್‌ಟಿಡಿ ಕೋಡು, ಮೂರನೆಯದರ ಮೇಲೆ ಹತ್ತಂಕಿಯ ಮೊಬೈಲ್ ಸಂಖ್ಯೆ. ಯಾವುದು ಹಿರಿಯದೆಂದು ಯಾರನ್ನೂ ಕೇಳಬೇಕಾಗಿಲ್ಲ.

2016ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದ ಮೇಲೆ ಸಿಕ್ಕಿದ ನಾಲ್ಕನೆಯ ಚೀಲವನ್ನು ಈ ಸಾಲಿಗೆ ಸೇರಿಸಲಾರೆ. ನೋಡಲು ಬಟ್ಟೆಯಂತಿದ್ದರೂ ಅದು ನೇಯ್ದದ್ದಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ಶಾಖ ಕೊಟ್ಟು ಅಂಟಿಸಿದ್ದು. ಬಿಸಿಲು ಬೀಳುವ ಜಗಲಿಯ ಮೊಳೆಗೆ ಎರಡು ಬೇಸಿಗೆ ತೂಗುಹಾಕಿದ್ದೆವು. ಮುಟ್ಟಿದರೆ ಪುಡಿ ಉದುರತೊಡಗಿತು.

ಕ್ಯಾಲೆಂಡರಿನ ಬೆಲೆ ಅದರ ದೇವರ ಪಟದಲ್ಲಿಲ್ಲ, ತಾರೀಕಿನ ಚೌಕದೊಳಗಿನ ಖಾಲಿ ಜಾಗದಲ್ಲಿದೆ. ಏಕಾದಶಿ, ರಾಹುಕಾಲಗಳ ಪಕ್ಕದಲ್ಲಿ ಅಮ್ಮ ಸಿಲಿಂಡರ್ ಬಂದ ದಿನವನ್ನು ಬರೆದರೆ, ಅಪ್ಪ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿದ ದಿನವನ್ನು ಗುರುತು ಹಾಕಿ, ಅಲ್ಲಿಂದ ನಲವತ್ತೈದು ದಿನ ಎಣಿಸಿ ಎರಡನೆಯ ಸಿಂಪಡಣೆಗೆ ಆಳು ಗೊತ್ತುಮಾಡುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಹೊಳಪು ಕಾಗದ ಬಂದು, ಅದರ ಮೇಲೆ ಬಾಲ್‌ಪೆನ್ನು ಜಾರತೊಡಗಿದ್ದರಿಂದ ಅರ್ಧ ಉಪಯೋಗವೇ ಹೋಯಿತು. ಒಂದು ಪ್ರಯೋಗವನ್ನೂ ಹೇಳಬೇಕು: 1997ರ ವಾರ-ತಾರೀಕುಗಳು 2025ಕ್ಕೆ ಸರಿಯಾಗಿ ಹೊಂದುವುದರಿಂದ ಅಟ್ಟದಲ್ಲಿದ್ದ ಹಳೆಯದನ್ನೇ ಗೋಡೆಗೆ ಏರಿಸಿದ್ದೆ. ಹುಣ್ಣಿಮೆ, ಅಮಾವಾಸ್ಯೆಗಳು ಹೊಂದಲಿಲ್ಲ. ದೀಪಾವಳಿ ಹತ್ತು ದಿನ ಆಚೀಚೆ ಆಗುವುದನ್ನು ಕಂಡ ಅಮ್ಮ ಅದನ್ನು ಇಳಿಸಿಟ್ಟರು.

ಸ್ಟೀಲ್ ಲೋಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಯಸ್ಕಾಂತ ಅಂಟದಿದ್ದರೆ ಉತ್ತಮ ಸ್ಟೀಲು ಎಂದು ನಂಬಿದ್ದೆವು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಸ್ಟೀಲಿಗೂ ಅದು ಅಂಟುವುದಿಲ್ಲವೆಂಬುದು ತಡವಾಗಿ ತಿಳಿಯಿತು. ತಗಡು ತೆಳುವಾದ್ದರಿಂದ ಕಾಫಿ ಕುಡಿಯುವಾಗ ತುಟಿ ಸುಡುತ್ತದೆ. ಈಗ ಅವು ಬಚ್ಚಲಿನಲ್ಲಿವೆ.

ಚೀಲವೇ ಇಷ್ಟು ಗಟ್ಟಿಯಾಗಿ ಬಂದದ್ದೇಕೆ ಎಂದು ಯೋಚಿಸಿದ್ದೇನೆ. ಲೋಟ ಮನೆಯೊಳಗೆ ಉಳಿಯುತ್ತದೆ, ಕ್ಯಾಲೆಂಡರಿನ ಆಯುಸ್ಸು ಒಂದೇ ವರ್ಷ. ಚೀಲ ಮಾತ್ರ ವಾರಕ್ಕೊಮ್ಮೆ ಅದೇ ಅಂಗಡಿಯ ಕಟ್ಟೆಯ ಮೇಲೆ, ಕೊಟ್ಟವರ ಕಣ್ಣೆದುರಿಗೇ ಮರಳಿ ಬಂದು ಕೂರುತ್ತಿತ್ತು. ಹರಿದ ಚೀಲದ ಮೇಲೆ ತಮ್ಮ ಹೆಸರನ್ನು ನೋಡಲು ಯಾವ ಅಂಗಡಿಯವರಿಗೆ ಇಷ್ಟವಿರುತ್ತದೆ?

ಇಂಥದ್ದು ಕೈಗೆ ಸಿಕ್ಕವರು ಮೊದಲ ಸಲ ಬೇರೆಯಾಗಿಯೇ ಒಗೆಯಬೇಕು. ಮೂರಂಕಿಯ ಚೀಲದ ಹಿಡಿಕೆಯನ್ನು ಹೋದ ವರ್ಷ ದರ್ಜಿಯಿಂದ ಬದಲಾಯಿಸಿದೆ. ಬಟ್ಟೆಗೆ ಇನ್ನೂ ಏನೂ ಆಗಿಲ್ಲ.