ಜೇನಿಗೆಂದು ಕೊಂಡ ವಿಸ್ಕೋಮೀಟರ್: ಐದು ವರ್ಷದ ಬಳಕೆ

ಮೂಡಿಗೆರೆಯಲ್ಲಿ ನಮ್ಮದು ಜೇನು ಶೋಧಿಸಿ ಬಾಟಲಿಗೆ ತುಂಬುವ ಸಣ್ಣ ಘಟಕ. ‘ಹೋದ ಸಲದ್ದು ಮಂದವಾಗಿತ್ತು, ಈ ಸಲ ನೀರು ಸೇರಿಸಿದ್ದೀರಾ?’ ಎಂದು ಹಾಸನದ ಅಂಗಡಿಯವರೊಬ್ಬರು ಕೇಳಿದ ಸಿಟ್ಟಿನಲ್ಲಿ ಈ ಡಿಜಿಟಲ್ ವಿಸ್ಕೋಮೀಟರ್ ಕೊಂಡೆ. ಸ್ಪಿಂಡಲ್ (ತುದಿಯಲ್ಲಿ ತಟ್ಟೆಯಿರುವ ಕಡ್ಡಿ) ಜೇನಿನೊಳಗೆ ತಿರುಗುವಾಗ ಎದುರಾಗುವ ತಡೆಯಿಂದ ಇದು ಸ್ನಿಗ್ಧತೆಯನ್ನು, ಅಂದರೆ ಎಷ್ಟು ಮಂದ ಎಂಬುದನ್ನು, ಲೆಕ್ಕ ಹಾಕಿ ಸೆಂಟಿಪಾಯ್ಸ್ ಎಂಬ ಮಾನದಲ್ಲಿ ತೋರಿಸುತ್ತದೆ. 20 ಡಿಗ್ರಿಯಲ್ಲಿ ನೀರಿನದು ಸುಮಾರು 1. ಜೇನಿನದು ಸಾವಿರಗಳ ಲೆಕ್ಕ.

ಮೊದಲ ಆರು ತಿಂಗಳು ಬೈದುಕೊಂಡೇ ಬಳಸಿದೆ. ಜನವರಿಯಲ್ಲಿ ಒಂದೇ ಡಬ್ಬಿಯ ಜೇನು ಬೆಳಿಗ್ಗೆ ತೋರಿಸಿದ ಅಂಕಿ ಮಧ್ಯಾಹ್ನಕ್ಕೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತಿತ್ತು. ಯಂತ್ರ ಕೆಟ್ಟಿದೆ ಎಂದು ಕಂಪನಿಗೆ ಜೋರಾಗಿಯೇ ಬರೆದೆ. ಆಮೇಲೆ ಥರ್ಮಾಮೀಟರ್ ಅದ್ದಿ ನೋಡಿದರೆ ಬೆಳಿಗ್ಗೆ 17 ಡಿಗ್ರಿ, ಮಧ್ಯಾಹ್ನ 27! ಈಗ ಬೀಕರನ್ನು 25 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಟ್ಟೇ ಅಳೆಯುತ್ತೇನೆ. ಜೇನಿಗೆ ಶಾಖ ನಿಧಾನವಾಗಿ ಇಳಿಯುತ್ತದೆ, ಅಂಚು ಬೆಚ್ಚಗಾದರೂ ನಡುವೆ ತಣ್ಣಗೇ ಇರುತ್ತದೆ. ನಡುನಡುವೆ ಮೆಲ್ಲಗೆ ಕಲಕಬೇಕು. ಜೋರಾಗಿ ಕಲಕಿದರೆ ಗಾಳಿಗುಳ್ಳೆ ಸೇರಿ ಮತ್ತೆ ಅಂಕಿ ಕೆಡುತ್ತದೆ.

ಎರಡನೆಯ ತಪ್ಪು ನನ್ನ ಜಿಪುಣತನದ್ದು. 600 ಮಿಲಿಲೀಟರ್ ಬೀಕರ್ ಬೇಕು ಎಂದು ಕೈಪಿಡಿಯಲ್ಲಿದ್ದರೂ, ಅಷ್ಟು ಜೇನು ಏಕೆ ಎಂದು ಸ್ಟೀಲ್ ಲೋಟದಲ್ಲಿ ಅಳೆದೆ. ಪಾತ್ರೆಯ ಗೋಡೆ ಸ್ಪಿಂಡಲ್‌ಗೆ ಹತ್ತಿರವಾದಷ್ಟೂ ತಡೆ ಹೆಚ್ಚುತ್ತದೆ, ಜೇನು ಇರುವುದಕ್ಕಿಂತ ಮಂದವೆಂದು ಕಾಣುತ್ತದೆ. ಸ್ಪಿಂಡಲ್‌ನ ಮೇಲಿನ ಗುರುತಿನವರೆಗೆ ಮಾತ್ರ ಮುಳುಗಿಸಬೇಕು, ಓರೆಯಾಗಿ ಇಳಿಸಬೇಕು. ಇಲ್ಲದಿದ್ದರೆ ತಟ್ಟೆಯ ಕೆಳಗೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ.

ಪರದೆಯ ಮೂಲೆಯಲ್ಲಿ ಟಾರ್ಕ್‌ನ (ಸ್ಪಿಂಡಲ್ ತಿರುಗಿಸಲು ಬೇಕಾದ ತಿರುಚು ಬಲ) ಶೇಕಡಾವಾರು, ಯಂತ್ರ ಅಳೆಯಬಲ್ಲ ಗರಿಷ್ಠದಲ್ಲಿ ಎಷ್ಟು ಪಾಲು ಎಂದು, ಸಣ್ಣದಾಗಿ ಕಾಣುತ್ತದೆ. ನಾನು ಅದನ್ನು ಎರಡು ವರ್ಷ ಗಮನಿಸಲೇ ಇಲ್ಲ. ನಿಖರತೆ ಶೇ 1 ಎಂದು ಪೆಟ್ಟಿಗೆಯ ಮೇಲಿದೆಯಲ್ಲ, ಅದು ಪೂರ್ಣ ಅಳತೆಯ, ಅಂದರೆ ಆ ಗರಿಷ್ಠದ, ಶೇ 1. ಟಾರ್ಕ್ ಶೇ 10ರಲ್ಲಿದ್ದರೆ ಕಂಡ ಅಂಕಿಯಲ್ಲೇ ಶೇ 10ರಷ್ಟು ತಪ್ಪಿರಬಹುದು. ಸ್ಪಿಂಡಲ್ ಅಥವಾ ವೇಗ ಬದಲಿಸಿ ಟಾರ್ಕನ್ನು ಮೇಲಕ್ಕೆ ತರುವುದೇ ದಾರಿ. ನಮ್ಮ ಜೇನು ವೇಗ ಬದಲಿಸಿದರೂ ಹೆಚ್ಚುಕಡಿಮೆ ಅದೇ ಅಂಕಿ ಕೊಡುತ್ತದೆ. ಪೇಂಟ್, ಸಾಸ್ ಅಳೆಯುವವರಿಗೆ ಈ ಅನುಕೂಲವಿಲ್ಲ. ವೇಗ ಹೆಚ್ಚಿದರೆ ಅವು ತೆಳುವಾಗುತ್ತವೆ, ಯಾವ ಸ್ಪಿಂಡಲ್, ಯಾವ ವೇಗ ಎಂದು ಬರೆಯದ ಅಂಕಿ ಕಸಕ್ಕೆ ಸಮ.

ಯಂತ್ರದ ನಿಜವಾದ ದೋಷ ಒಂದೇ: ಸ್ಟ್ಯಾಂಡಿನ ತಿರುಪು ಸಡಿಲವಾಗಿ, ಮಟ್ಟ ತೋರಿಸುವ ಗುಳ್ಳೆ ನಡುವೆ ನಿಲ್ಲುವುದಿಲ್ಲ. ದುರಸ್ತಿಗೆ ಕಳಿಸಿದರೆ ಎರಡು ತಿಂಗಳು ಕಾಯಿಸಿದರು.

ಅಂದ ಹಾಗೆ, ಅಂಗಡಿಯವರ ಅನುಮಾನಕ್ಕೂ ಉತ್ತರ ಸಿಕ್ಕಿತು. ಮಳೆಗಾಲದ ತುಡುವೆ ಜೇನಿನಲ್ಲಿ ತೇವಾಂಶವೇ ಹೆಚ್ಚು. ಶೇ 1ರಷ್ಟು ಏರಿದರೂ ಜೇನು ಗಮನಾರ್ಹವಾಗಿ ತೆಳುವಾಗುತ್ತದೆ. ನೀರು ಸೇರಿಸಿದವನು ನಾನಲ್ಲ, ಆದರೆ ನೀರಂತೂ ಇತ್ತು. ಅದನ್ನು ಹೇಳಲು ಕೊನೆಗೆ ಬೇಕಾದದ್ದು ಬೆಳಕು ಬಾಗುವುದನ್ನು ನೋಡಿ ತೇವಾಂಶ ತಿಳಿಸುವ ರಿಫ್ರ್ಯಾಕ್ಟೋಮೀಟರ್; ಅದನ್ನೂ ಕೊಂಡೆ.