ಮುಖಪುಟ ತೋರಿಸುವ ಪುಸ್ತಕ ಸ್ಟ್ಯಾಂಡ್: ಚಿಕ್ಕದಾಗಿರುವುದೇ ಇದರ ಗುಣ

ಇನ್ನೂ ಓದಲು ಬಾರದ ಮಗುವಿಗೆ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಪುಸ್ತಕಗಳೆಂದರೆ ಬರೀ ಬಣ್ಣದ ಪಟ್ಟಿಗಳು. ಅದರಲ್ಲೂ ಕನ್ನಡದ ಚಿತ್ರಪುಸ್ತಕಗಳಲ್ಲಿ ಎಷ್ಟೋ 16, 24 ಪುಟದವು, ನಡುವೆ ಪಿನ್ ಹೊಡೆದವು. ಹೆಸರು ಅಚ್ಚು ಹಾಕೋಣವೆಂದರೆ ಅವಕ್ಕೆ ಬೆನ್ನೇ ಇಲ್ಲ. ಎರಡು ದಪ್ಪ ಪುಸ್ತಕಗಳ ನಡುವೆ ಸೇರಿಕೊಂಡರೆ ದೊಡ್ಡವರ ಕೈಗೂ ಸಿಗುವುದಿಲ್ಲ. ಬಟ್ಟೆ ಜೇಬುಗಳಲ್ಲಿ ಮುಖಪುಟ ಎದುರಿಗೆ ಕಾಣುವಂತೆ ಇಡುವ ಪುಟ್ಟ ಸ್ಟ್ಯಾಂಡ್ ಈ ತೊಂದರೆಯನ್ನು ಚೆನ್ನಾಗಿ ನಿವಾರಿಸುತ್ತದೆ. ಇಲ್ಲಿ ಹೇಳುತ್ತಿರುವುದು ಸುಮಾರು 60 ಸೆಂ.ಮೀ. ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರದ, ನಾಲ್ಕು ಜೇಬಿನ ಮಾದರಿಯ ಬಗ್ಗೆ.

ಎ4 ಅಳತೆಯ ಪುಸ್ತಕ ಒಂದು ಜೇಬಿನಲ್ಲಿ ಎರಡು, ಚಿಕ್ಕದಾದರೆ ಮೂರು ಕೂರುತ್ತವೆ. ಅಂದರೆ ಒಟ್ಟು ಕಣ್ಣಿಗೆ ಬೀಳುವುದು 8ರಿಂದ 12. ಪೆಟ್ಟಿಗೆಯ ಮೇಲೆ 30, 40 ಎಂದು ಬರೆದಿದ್ದರೆ ಅದು ಒಂದರ ಹಿಂದೊಂದು ತುರುಕಿದ ಲೆಕ್ಕ. ಹಾಗೆ ತುಂಬಿದರೆ ಹಿಂದಿನವು ಕಾಣುವುದಿಲ್ಲ, ಮಗು ಒಂದನ್ನು ಎಳೆದರೆ ನಾಲ್ಕು ಬೀಳುತ್ತವೆ, ಬಟ್ಟೆಯೂ ಜೋಲುತ್ತದೆ. ಹತ್ತು ಹನ್ನೆರಡೇ ಸಾಕು. ಆರಿಸಿಕೊಳ್ಳಲು ಮಗುವಿಗೆ ಅಷ್ಟು ಬೇಕಾದಷ್ಟಾಯಿತು.

ಜೋಡಿಸಲು ಅರ್ಧ ಗಂಟೆ ಹಿಡಿಯುತ್ತದೆ. ಎರಡು ಬದಿಯ ಹಲಗೆ, ಅಡ್ಡ ಕೋಲುಗಳು, ಬೋಲ್ಟುಗಳು, ಅವನ್ನು ತಿರುಗಿಸುವ ಆರು ಮೂಲೆಯ ಅಲೆನ್ ಕೀ, ಇಷ್ಟೇ ಸಾಮಾನು. ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ ಬಟ್ಟೆಯ ಮಡಿಕೆ ಹೊಲಿಗೆಯೊಳಗೆ ಕೋಲು ತೂರಿಸಬೇಕು. ಬಹಳ ಜನ ಎಡವುವುದು ಬೋಲ್ಟಿನಲ್ಲಿ. ಮೊದಲನೆಯದನ್ನೇ ಪೂರ್ತಿ ಬಿಗಿದುಬಿಟ್ಟರೆ ಕೊನೆಯ ಕೋಲು ತೂತಿಗೆ ಸರಿಯಾಗಿ ಕೂರುವುದಿಲ್ಲ. ಎಲ್ಲವನ್ನೂ ಅರ್ಧಕ್ಕೆ ತಿರುಗಿಸಿ, ಸ್ಟ್ಯಾಂಡನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಬಿಗಿಯಿರಿ. ಹಲಗೆ ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ್ದು) ಆಗಿದ್ದರೆ ಅತಿಯಾಗಿ ಬಿಗಿಯಬಾರದು, ತೂತು ಪುಡಿಯಾಗಿ ಬೋಲ್ಟ್ ಹಿಡಿತ ಕಳೆದುಕೊಳ್ಳುತ್ತದೆ. ನೆಲ ಒರೆಸುವ ನೀರು ತಾಗಿದರೆ ಎಂಡಿಎಫ್ ಅಂಚು ಉಬ್ಬುತ್ತದೆ, ಆದ್ದರಿಂದ ಕೆಳಗೆ ನಾಲ್ಕು ರಬ್ಬರ್ ಗುಂಡಿ ಅಂಟಿಸುವುದು ಒಳ್ಳೆಯದು.

ಕೊಳ್ಳುವ ಮುಂಚೆ ಜೇಬಿನ ಆಳ ನೋಡಲೇಬೇಕು. ಪುಸ್ತಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ಮುಚ್ಚಿಹೋಗುವಂತಿದ್ದರೆ ಸ್ಟ್ಯಾಂಡಿನ ಉದ್ದೇಶವೇ ಕೆಡುತ್ತದೆ. ಈಗಾಗಲೇ ಕೊಂಡಾಗಿದ್ದರೆ ದಪ್ಪ ರಟ್ಟನ್ನು ಮಡಚಿ ಜೇಬಿನ ತಳಕ್ಕೆ ಹಾಕಿ, ಸಣ್ಣ ಪುಸ್ತಕ ಮೇಲೆದ್ದು ಕಾಣುತ್ತದೆ. ಪಿನ್ ಹೊಡೆದ ತೆಳು ಪುಸ್ತಕಗಳು ಮುಂದಕ್ಕೆ ಬಾಗಿ ಮಡಚಿಕೊಳ್ಳುವುದು ಈ ಮಾದರಿಯ ದೊಡ್ಡ ದೋಷ. ಹಿಂದೆ ಒಂದು ಗಟ್ಟಿ ರಟ್ಟು ಆನಿಸಿದರೆ ನೆಟ್ಟಗೆ ನಿಲ್ಲುತ್ತವೆ. ಬಟ್ಟೆ ಕ್ಯಾನ್ವಾಸ್ ಆಗಿದ್ದರೆ ಬಾಳಿಕೆ ಹೆಚ್ಚು. ಕಾಗದದಂತಿರುವ ನಾನ್‌ವೋವನ್ ಬಟ್ಟೆ ಹೊಲಿಗೆಯ ಹತ್ತಿರ ಬೇಗ ಹರಿಯುತ್ತದೆ.

ಭಾರದ ರಟ್ಟಿನ ಪುಸ್ತಕಗಳು ಕೆಳಗಿನ ಜೇಬಿಗೆ. ಮೇಲೆ ಭಾರ, ಕೆಳಗೆ ಖಾಲಿ ಆದರೆ ಸ್ಟ್ಯಾಂಡ್ ಮುಗ್ಗರಿಸುತ್ತದೆ. ಮಕ್ಕಳು ಜೇಬನ್ನು ಮೆಟ್ಟಿಲು ಮಾಡಿಕೊಂಡು ಹತ್ತುವುದೂ ಉಂಟು, ಹಾಗಾಗಿ ಹಿಂಬದಿಯನ್ನು ಪಟ್ಟಿ ಮತ್ತು ಸ್ಕ್ರೂನಿಂದ ಗೋಡೆಗೆ ಬಿಗಿಯಲೇಬೇಕು. ಇದರಲ್ಲಿ ರಾಜಿ ಬೇಡ.

ಇಟ್ಟ ಜಾಗವೂ ಅಷ್ಟೇ ಮುಖ್ಯ. ಬಿಸಿಲು ನೇರವಾಗಿ ಬಿದ್ದರೆ ಮುಖಪುಟ ಬಿಳಚಿಕೊಳ್ಳುತ್ತದೆ. ಮಗು ದಿನವೂ ಆಡುವ ಕಡೆ, ಪಕ್ಕದಲ್ಲೇ ಒಂದು ಚಾಪೆ, ಪುಟ ಕಾಣುವಷ್ಟು ಬೆಳಕು ಇರಲಿ. ವಾರಕ್ಕೆ ಮೂರೋ ನಾಲ್ಕೋ ಪುಸ್ತಕ ಬದಲಿಸಿ, ಉಳಿದವು ಹಾಗೇ ಇರಲಿ. ಒಮ್ಮೆಗೇ ಎಲ್ಲ ಬದಲಿಸಿದರೆ ಮಗು ಹುಡುಕುತ್ತಿದ್ದ ಅಚ್ಚುಮೆಚ್ಚಿನ ಪುಸ್ತಕವೇ ಮಾಯ. ಅದನ್ನೇ ಇಪ್ಪತ್ತನೇ ಸಲ ಕೈಗೆ ತಂದುಕೊಟ್ಟರೂ ಬೇಸರಿಸದೆ ಓದಿ ಹೇಳಿ: ಮುಂದಿನ ಸಾಲು ಬಾಯಿಗೆ ಬರುವುದು, ಆ ಸಾಲಿನ ಅಕ್ಷರದ ಮೇಲೆ ಬೆರಳಿಡುವುದು ಹಾಗೆ ಕೇಳಿ ಕೇಳಿಯೇ. ಕೆಳಗಿನ ಜೇಬಿನಲ್ಲಿ ಒಂದು ಮೂಲೆಯನ್ನು ಮಗುವಿಗೇ ಬಿಟ್ಟುಕೊಡಿ, ಅಲ್ಲಿ ಏನಿರಬೇಕೆಂದು ಅದೇ ತೀರ್ಮಾನಿಸಲಿ.

ಒಂದರಿಂದ ಆರು ವರ್ಷದವರೆಗೆ ಇದು ಕೊಳ್ಳತಕ್ಕ ವಸ್ತು. ಅಧ್ಯಾಯಗಳಿರುವ ದಪ್ಪ ಪುಸ್ತಕಗಳನ್ನು ತಾನೇ ಓದುವ ಮಗುವಿಗೆ ಬೇಡ, ಅಂಥವು ಈ ಜೇಬುಗಳಿಗೆ ಭಾರ. ಆ ವಯಸ್ಸಿಗೆ ಸೊಂಟದೆತ್ತರದ ಸಾಮಾನ್ಯ ಕಪಾಟೇ ಸರಿ, ಮೇಲ್ಭಾಗದಲ್ಲಿ ಎರಡು ಮೂರು ಪುಸ್ತಕಗಳ ಮುಖಪುಟ ಕಾಣುವಂತೆ ಇಟ್ಟರಾಯಿತು.